ಕಾರು ಎಂಜಿನ್ ಟ್ಯೂನಿಂಗ್: ರಸ್ತೆ, ಹೊರೆ ಮತ್ತು ಹವೆಯ ನೆಲೆಯಲ್ಲಿ

ಎಂಜಿನ್ನಿಗೆ ಸೇರುವ ಗಾಳಿ ಮತ್ತು ಇಂಧನದ ಪ್ರಮಾಣವನ್ನೂ ಆ ಮಿಶ್ರಣಕ್ಕೆ ಕಿಡಿ ತಗಲುವ ಗಳಿಗೆಯನ್ನೂ ವಾಹನ ನಿಜವಾಗಿ ಮಾಡಬೇಕಾದ ಕೆಲಸಕ್ಕೆ ಒಪ್ಪುವಂತೆ ಹೊಂದಿಸುವುದು ಟ್ಯೂನಿಂಗ್. ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಲ್ಲಿಸಿದ ಕಾರಿಗೆ ರೇಸ್ ಕೊಟ್ಟರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದೇ ಕಾರು ಐದು ಜನರನ್ನು ಹೊತ್ತು ದಿಬ್ಬ ಏರುವಾಗಲೂ 3000 ಸುತ್ತು ತಿರುಗಬಹುದು. ಎರಡೂ ಕಡೆ ವೇಗ ಒಂದೇ, ಆದರೆ ಎಂಜಿನ್ನಿನ ಒಳಗಿನ ಸ್ಥಿತಿ ಪೂರಾ ಬೇರೆ. ನಿಂತ ಕಾರಿನಲ್ಲಿ ಥ್ರಾಟಲ್ ತುಸುವೇ ತೆರೆದಿರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಸುಮಾರು 30 ಕಿಲೋಪಾಸ್ಕಲ್, ಅಂದರೆ ಹೊರಗಿನ ಗಾಳಿಯ ಒತ್ತಡದ ಮೂರನೇ ಒಂದು ಪಾಲು. ದಿಬ್ಬದ ಮೇಲೆ ಆ ಒತ್ತಡ 90ರ ಆಸುಪಾಸಿಗೆ ಬರುತ್ತದೆ. ಪ್ರತಿ ಹೊಡೆತಕ್ಕೂ ಸಿಲಿಂಡರ್ ಸೇರುವ ಗಾಳಿ, ಅದರೊಂದಿಗೆ ಉರಿಯುವ ಇಂಧನ, ಹೊರಬೀಳುವ ಶಾಖ ಎಲ್ಲವೂ ಸರಿಸುಮಾರು ಮೂರು ಪಟ್ಟು. ಇಂಧನ ಕಡಿಮೆಯಾಗಿ ಮಿಶ್ರಣ ತೆಳುವಾಗಿದೆಯೇ, ಕಿಡಿ ಬೇಗ ಬೀಳುತ್ತಿದೆಯೇ, ಮಿಶ್ರಣದ ಒಂದು ಭಾಗ ತಾನೇ ಸ್ಫೋಟಿಸುವ ನಾಕಿಂಗ್ ಇದೆಯೇ ಎಂಬ ಮೂರು ಪ್ರಶ್ನೆಗಳಿಗೂ ನಿಂತ ಕಾರು ಉತ್ತರ ಕೊಡಲಾರದು. ಸ್ಲೋ ಸ್ಕ್ರೂ ತಿರುಗಿಸಿ, ಸೈಲೆನ್ಸರಿನ ಸದ್ದು ಕೇಳಿ ‘ಟ್ಯೂನಿಂಗ್ ಆಯಿತು’ ಎಂದು ಕಾರು ಕೊಟ್ಟು ಕಳಿಸಿದರೆ ಸರಿಹೋಗಿರುವುದು ಐಡ್ಲಿಂಗ್ ಮಾತ್ರ.

ಹೊರೆಯ ಲೆಕ್ಕ

ಚಲಿಸುವ ಕಾರನ್ನು ತಡೆಯುವ ಬಲಗಳು ನಾಲ್ಕು: ಚಕ್ರಗಳ ಉರುಳುತಡೆ, ಗಾಳಿಯ ತಡೆ, ಏರಿನಲ್ಲಿ ಹಿಂದಕ್ಕೆಳೆಯುವ ತೂಕ, ವೇಗ ಹೆಚ್ಚಿಸುವಾಗ ಎದುರಾಗುವ ಜಡತ್ವ. ಉರುಳುತಡೆ ವಾಹನದ ತೂಕವನ್ನು ಅವಲಂಬಿಸಿದೆ. ವೇಗ ಹೆಚ್ಚಿದರೂ ಅದು ಬಹಳ ಬದಲಾಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ; ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ.

ಪ್ರಯಾಣಿಕರೂ ಸೇರಿ 1350 ಕಿ.ಗ್ರಾಂ. ತೂಗುವ ಚಿಕ್ಕ ಕಾರೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಳ್ಳೆಯ ಡಾಂಬರು ರಸ್ತೆಯಲ್ಲಿ ಅದರ ಉರುಳುತಡೆ ಸುಮಾರು 170 ನ್ಯೂಟನ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 110 ನ್ಯೂಟನ್. ಸಮತಟ್ಟಾದ ನೆಲದಲ್ಲಿ ಆ ವೇಗ ಕಾಯ್ದುಕೊಳ್ಳಲು ಚಕ್ರಗಳಿಗೆ ಬೇಕಾದ ಶಕ್ತಿ 4.7 ಕಿಲೋವ್ಯಾಟ್, ಅಂದರೆ ಆರೇಳು ಅಶ್ವಶಕ್ತಿ ಅಷ್ಟೇ. 100 ಮೀಟರಿಗೆ 5 ಮೀಟರ್ ಏರುವ ದಿಬ್ಬ ಬಂದರೆ ಇನ್ನೂ 660 ನ್ಯೂಟನ್ ಸೇರಿಕೊಳ್ಳುತ್ತದೆ. ಅದೇ 60ರ ವೇಗಕ್ಕೆ ಈಗ ಬೇಕಾಗುವುದು 16 ಕಿಲೋವ್ಯಾಟಿಗೆ ಹತ್ತಿರ. ಇದು ಸಮತಟ್ಟಿನಲ್ಲಿ 100 ಕಿ.ಮೀ. ವೇಗದಲ್ಲಿ ಓಡಲು ಬೇಕಾದ ಶಕ್ತಿಗಿಂತಲೂ ಹೆಚ್ಚು. ಮುಂದಿರುವ ಟ್ರ್ಯಾಕ್ಟರನ್ನು ಹಿಂದಿಕ್ಕಲು 40ರಿಂದ 80ಕ್ಕೆ 10 ಸೆಕೆಂಡಿನಲ್ಲಿ ಏರಬೇಕಾದರೆ ಜಡತ್ವವೊಂದೇ ಸರಾಸರಿ 25 ಕಿಲೋವ್ಯಾಟ್ ಕೇಳುತ್ತದೆ. ಎ.ಸಿ. ಕಂಪ್ರೆಸರ್ ಬೇಸಿಗೆಯಲ್ಲಿ 2ರಿಂದ 4 ಕಿಲೋವ್ಯಾಟ್ ಎಳೆಯುತ್ತದೆ. ಸಮತಟ್ಟಿನಲ್ಲಿ ನಿಧಾನವಾಗಿ ಸಾಗುವ ಚಿಕ್ಕ ಕಾರಿಗೆ ಇದು ಕಾರು ಓಡಿಸುವಷ್ಟೇ ದೊಡ್ಡ ಹೊರೆ. ಹೀಗೆ ಒಂದೇ ಪ್ರಯಾಣದಲ್ಲಿ ಎಂಜಿನ್ನಿನ ಮೇಲಿನ ಹೊರೆ ಐದಾರು ಪಟ್ಟು ಏರಿಳಿಯುತ್ತದೆ. ಒಂದು ಬಿಂದುವಿನಲ್ಲಿ ಮಾಡಿದ ಹೊಂದಾಣಿಕೆ ಉಳಿದ ಬಿಂದುಗಳಿಗೆ ಒಪ್ಪುತ್ತದೆಂದು ಭಾವಿಸಲು ಆಧಾರವಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಸ್ಥಿತಿಗತಿ

ಈ ಲೆಕ್ಕ ನಿಜವಾದ ರಸ್ತೆಗಳಲ್ಲಿ ಹೇಗೆ ಎದುರಾಗುತ್ತದೆ ಎಂಬುದಕ್ಕೆ ಯಾದಗಿರಿ ಜಿಲ್ಲೆ ಒಳ್ಳೆಯ ಉದಾಹರಣೆ. 2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಬಯಲುಸೀಮೆ. ಉತ್ತರದಿಂದ ಭೀಮಾ, ದಕ್ಷಿಣದ ಅಂಚಿನಲ್ಲಿ ಕೃಷ್ಣಾ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಕಾಲುವೆಗಳು ಸುರಪುರ, ಶಹಾಪುರ ಭಾಗಕ್ಕೆ ನೀರು ತಂದ ಮೇಲೆ ಹತ್ತಿ, ತೊಗರಿ, ಜೋಳದ ಹೊಲಗಳ ನಡುವೆ ಭತ್ತದ ಗದ್ದೆಗಳೂ ಹರಡಿಕೊಂಡಿವೆ. ಜೇವರ್ಗಿಯಿಂದ ಶಹಾಪುರ, ಸುರಪುರ, ತಿಂಥಣಿ ಸೇತುವೆ ದಾಟಿ ಲಿಂಗಸುಗೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಭಾಗದ ಮುಖ್ಯ ದಾರಿ. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವರು ಭೀಮಾ ದಾಟಿ ಪಶ್ಚಿಮಕ್ಕೆ ಸಾಗುತ್ತಾರೆ.

ಟ್ಯೂನಿಂಗ್ ಮಾಡುವವರ ಕಣ್ಣಿನಿಂದ ನೋಡಿದರೆ ಈ ಸೀಮೆಯ ಲಕ್ಷಣಗಳು ಸ್ಪಷ್ಟ. ಕರಿನೆಲ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಕಾರು ಒಂದೇ ವೇಗದಲ್ಲಿ ಹೆಚ್ಚು ಹೊತ್ತು ಓಡುವುದಿಲ್ಲ. ಊರೂರಿಗೂ ಇರುವ ಹಂಪುಗಳಲ್ಲಿ ಎರಡನೇ ಗೇರಿಗೆ ಇಳಿದು ಮತ್ತೆ ಏರಬೇಕು. ಸುಗ್ಗಿಯಲ್ಲಿ ಹತ್ತಿ ತುಂಬಿದ ಗಾಡಿಗಳ ಹಿಂದೆ ಬಹಳ ಹೊತ್ತು ಮೂರನೇ ಗೇರಿನಲ್ಲೇ ಸಾಗಿ, ಸಂದಿ ಸಿಕ್ಕ ಕೂಡಲೇ ಪೂರ್ತಿ ಥ್ರಾಟಲ್ ಕೊಡಬೇಕು. ಬಯಲು ದಾಟಿ ಬಂದವರಿಗೆ ಶಹಾಪುರ, ಸುರಪುರಗಳ ಬಂಡೆಬೆಟ್ಟಗಳು ಎದುರಾಗುತ್ತವೆ. ಸುರಪುರವಂತೂ ಬೆಟ್ಟಗಳ ನಡುವೆಯೇ ಬೆಳೆದ ಊರು. ಮದುವೆ, ಜಾತ್ರೆಗಳಿಗೆ ಹೊರಟ ಕಾರಿನಲ್ಲಿ ಸೀಟಿಗಿಂತ ಹೆಚ್ಚು ಜನ, ಮೇಲೆ ಕ್ಯಾರಿಯರಿನಲ್ಲಿ ಸಾಮಾನು. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಯ ದಾರಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಸಾಲುಗಟ್ಟಿ ನಿಲ್ಲುವ ಕಾರಿಗೂ ಮೇ ತಿಂಗಳ ಮಧ್ಯಾಹ್ನ ಬರಿದಾದ ರಸ್ತೆಯಲ್ಲಿ ಎ.ಸಿ. ಹಾಕಿಕೊಂಡು ಓಡುವ ಕಾರಿಗೂ ಎಂಜಿನ್ ಒಂದೇ ಇದ್ದರೂ ಬೇಡಿಕೆ ಬೇರೆ.

ಹವೆಯ ಪಾಲು ಇನ್ನೂ ದೊಡ್ಡದು. ಗಾಳಿ ಕಾದಷ್ಟೂ ತೆಳುವಾಗುತ್ತದೆ. ಜನವರಿಯ ನಸುಕಿನಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಂದು ಘನಮೀಟರ್ ಗಾಳಿ ಇಲ್ಲಿ ಸುಮಾರು 1.17 ಕಿ.ಗ್ರಾಂ. ತೂಗಿದರೆ, ಮೇ ತಿಂಗಳ 45 ಡಿಗ್ರಿಯಲ್ಲಿ ಅದು 1.06ಕ್ಕೆ ಇಳಿಯುತ್ತದೆ. ಎಂಜಿನ್ ಹೀರುವ ಗಾಳಿಯ ತೂಕದಲ್ಲೇ ಶೇ. 10ರಷ್ಟು ಕೊರತೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಬಾನೆಟ್ಟಿನ ಒಳಗಿನಿಂದ ಗಾಳಿ ಎಳೆಯುವ ಹಳೆಯ ಕಾರುಗಳಲ್ಲಿ, ದಟ್ಟಣೆಯಲ್ಲಿ ನಿಂತಾಗ, ಒಳಸೇರುವ ಗಾಳಿ 60 ಡಿಗ್ರಿ ದಾಟಬಹುದು. ಬೇಸಿಗೆಯಲ್ಲಿ ‘ಗಾಡಿ ಎಳೆಯುತ್ತಿಲ್ಲ’ ಎಂಬ ದೂರಿನ ಒಂದು ಪಾಲಿಗೆ ಯಾವ ಸ್ಕ್ರೂ ತಿರುಗಿಸಿದರೂ ಪರಿಹಾರವಿಲ್ಲ. ಆ ಪಾಲು ಎಷ್ಟೆಂದು ಅರಿತು ಉಳಿದದ್ದನ್ನು ಹುಡುಕುವವರೇ ಒಳ್ಳೆಯ ಮೆಕ್ಯಾನಿಕ್.

ಮಿಶ್ರಣ

ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಈ ಅನುಪಾತಕ್ಕೆ ಲ್ಯಾಂಬ್ಡಾ 1 ಎಂದು ಹೆಸರು. ಆದರೆ ಎಲ್ಲ ಸಂದರ್ಭಕ್ಕೂ ಸರಿಯಾದ ಒಂದು ಅನುಪಾತವೆಂಬುದಿಲ್ಲ. ಪೂರ್ತಿ ಹೊರೆಯಲ್ಲಿ ಗರಿಷ್ಠ ಶಕ್ತಿ ಸಿಗುವುದು 12.5ರಿಂದ 13ರ ಆಸುಪಾಸಿನಲ್ಲಿ. ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತ ಸಿಲಿಂಡರನ್ನು ತಂಪಾಗಿಡುವುದು ಇಲ್ಲಿನ ಇನ್ನೊಂದು ಲಾಭ. ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ಸಾಗುವಾಗ, ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ, 15.5ರಿಂದ 16ರವರೆಗೆ ತೆಳು ಮಾಡಿದರೆ ಮೈಲೇಜ್ ಹೆಚ್ಚು. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರು ಮಾತ್ರ ಸಾಮಾನ್ಯ ಓಟದಲ್ಲಿ 14.7ಕ್ಕೆ ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಕನ್ವರ್ಟರ್ ಕೆಲಸ ಮಾಡದು.

ಕಾರ್ಬುರೇಟರಿನಲ್ಲಿ ಒಂದೊಂದು ಸ್ಥಿತಿಯ ಮಿಶ್ರಣವನ್ನು ಒಂದೊಂದು ಭಾಗ ನೋಡಿಕೊಳ್ಳುತ್ತದೆ. ಐಡ್ಲಿಂಗಿಗೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ, ಓಟಕ್ಕೆ ಮೇನ್ ಜೆಟ್, ಒಮ್ಮೆಲೇ ಎಕ್ಸಲೇಟರ್ ಒತ್ತಿದಾಗ ಪಂಪು. 1489 ಸಿ.ಸಿ.ಯ ಅಂಬಾಸಡರ್, 1089 ಸಿ.ಸಿ.ಯ ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ 796 ಸಿ.ಸಿ.ಯ ಮಾರುತಿ 800 ಕಾರುಗಳ ಕಾಲದಲ್ಲಿ ಮೈಲೇಜಿಗಾಗಿ ಮೇನ್ ಜೆಟ್ ಚಿಕ್ಕದು ಹಾಕಿಸುವುದು ಎಲ್ಲೆಡೆ ರೂಢಿಯಲ್ಲಿತ್ತು. ಖಾಲಿ ಕಾರು ಸಮತಟ್ಟಿನಲ್ಲಿ ಓಡಿದಾಗ ಅದು ಸರಿ ಅನ್ನಿಸುತ್ತಿತ್ತು. ಅದೇ ಕಾರು ತುಂಬಿ ಏರು ಹತ್ತಿದಾಗ ಮಿಶ್ರಣ ತೆಳುವಾಗಿ, ಉರಿ ನಿಧಾನವಾಗಿ, ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತಿತ್ತು. ಲೀಟರಿಗೆ ಒಂದು ಕಿಲೋಮೀಟರ್ ಉಳಿಸಿ ಹೆಡ್ ಕೆಲಸಕ್ಕೆ ಹಣ ಸುರಿಯುವ ಈ ವ್ಯಾಪಾರದ ನಷ್ಟ ಹೊರೆಯಲ್ಲಿ ಅಳೆದಿದ್ದರೆ ಮೊದಲೇ ಕಾಣುತ್ತಿತ್ತು.

ಧೂಳಿನ ಪಾತ್ರವೂ ಇಲ್ಲಿದೆ. ಕಟಾವಿನ ದಿನಗಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬಹುತೇಕ ಕಾರ್ಬುರೇಟರುಗಳಲ್ಲಿ ಇದರಿಂದ ಮಿಶ್ರಣ ದಟ್ಟವಾಗಿ ಕಪ್ಪು ಮಸಿ ಕಟ್ಟುತ್ತದೆ; ಇಂಧನ ಚಿಮ್ಮಿಸುವ ಹೊಸ ಎಂಜಿನ್ನುಗಳು ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುವುದರಿಂದ ಮಿಶ್ರಣ ಕೆಡದಿದ್ದರೂ ಪಿಕಪ್ ಕುಗ್ಗುತ್ತದೆ. ಫಿಲ್ಟರ್ ಹೊಸದು ಹಾಕದೆ ಜೆಟ್ ಬದಲಿಸಿದರೆ ಫಿಲ್ಟರ್ ಬದಲಿಸಿದ ದಿನ ಮಿಶ್ರಣ ತೆಳುವಾಗಿ ತೊಂದರೆ ಕೊಡುತ್ತದೆ.

ಕಿಡಿಯ ಟೈಮಿಂಗ್ ಮತ್ತು ನಾಕಿಂಗ್

ಕಿಡಿ ಬಿದ್ದ ಕೂಡಲೇ ಮಿಶ್ರಣ ಪೂರ್ತಿ ಉರಿಯುವುದಿಲ್ಲ. ಉರಿ ಹರಡಲು ಮಿಲಿಸೆಕೆಂಡುಗಳೇ ಹಿಡಿಯುತ್ತವೆ. 1000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 6 ಡಿಗ್ರಿ, 3000ದಲ್ಲಿ 18 ಡಿಗ್ರಿ ತಿರುಗುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಬೀಳಬೇಕು, ವೇಗ ಹೆಚ್ಚಿದಂತೆ ಇನ್ನೂ ಮುಂಚೆ ಬೀಳಬೇಕು. ಒಳಗಿನ ಒತ್ತಡ ಪಿಸ್ಟನ್ ತುದಿ ದಾಟಿದ 12ರಿಂದ 16 ಡಿಗ್ರಿಗಳ ನಡುವೆ ಶಿಖರ ಮುಟ್ಟಿದರೆ ಎಳೆತ ಅತಿ ಹೆಚ್ಚು ಎಂಬುದು ಅನುಭವದಿಂದ ಸಿದ್ಧವಾದ ಮಾತು.

ಹೊರೆ ಕಡಿಮೆಯಿದ್ದಾಗ ಸಿಲಿಂಡರಿನಲ್ಲಿ ಮಿಶ್ರಣ ವಿರಳವಾಗಿದ್ದು ಉರಿ ನಿಧಾನ. ಆಗ ಕಿಡಿ 30ರಿಂದ 40 ಡಿಗ್ರಿ ಮುಂಚೆ ಬೇಕಾಗುತ್ತದೆ. ಹೊರೆ ಹೆಚ್ಚಿದಂತೆ ಮಿಶ್ರಣ ಒತ್ತೊತ್ತಾಗಿ ಉರಿ ವೇಗಗೊಳ್ಳುವುದರಿಂದ ಕಿಡಿಯನ್ನು ಹಿಂದಕ್ಕೆ ತರಬೇಕು. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಈ ಕೆಲಸ ಎರಡು ಯಂತ್ರಭಾಗಗಳಿಗೆ ಹಂಚಿತ್ತು: ತೂಕದ ಗುಂಡುಗಳು ವೇಗಕ್ಕೆ ತಕ್ಕಂತೆ ಮುಂದಕ್ಕೆ ತಳ್ಳುತ್ತಿದ್ದವು, ವ್ಯಾಕ್ಯೂಮ್ ಡಬ್ಬಿ ಹೊರೆಗೆ ತಕ್ಕಂತೆ ಹಿಂದೆಮುಂದೆ ಎಳೆಯುತ್ತಿತ್ತು. ವ್ಯಾಕ್ಯೂಮ್ ಡಬ್ಬಿಯ ಪೊರೆ ಹರಿದಿದ್ದರೆ ಐಡ್ಲಿಂಗಿನಲ್ಲಿ ಟೈಮಿಂಗ್ ಲೈಟ್ ಹಿಡಿದರೂ ಎಷ್ಟೋ ಕಾರುಗಳಲ್ಲಿ ಗೊತ್ತಾಗುವುದಿಲ್ಲ. ರಸ್ತೆಯಲ್ಲಿ ಮೈಲೇಜ್ ಕುಸಿದಾಗಲೇ ತಿಳಿಯುವುದು.

ಕಿಡಿ ಬೇಕಾದುದಕ್ಕಿಂತ ಮುಂಚೆ ಬಿದ್ದರೆ, ಉರಿ ತಲುಪದ ಮೂಲೆಯ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ತಾನೇ ಸ್ಫೋಟಿಸುತ್ತದೆ. ಇದೇ ನಾಕಿಂಗ್. ಸಾಮಾನ್ಯ ಕಾರಿನ ಸಿಲಿಂಡರಿನಲ್ಲಿ ಇದು 6ರಿಂದ 8 ಕಿಲೋಹರ್ಟ್ಜ್ ಆವರ್ತನದ ಕಟಕಟ ಸದ್ದಾಗಿ ಕೇಳುತ್ತದೆ. ಸದ್ದು ಬರುವ ಸನ್ನಿವೇಶ ಯಾವುದೆಂದು ಈ ಭಾಗದ ಚಾಲಕರಿಗೆ ಹೇಳಿಕೊಡಬೇಕಿಲ್ಲ: ಬಿಸಿಲ ಹೊತ್ತು, ಕಾರು ತುಂಬಿದೆ, ದಿಬ್ಬ ಹತ್ತುತ್ತಿದೆ, ನಾಲ್ಕನೇ ಗೇರಿನಲ್ಲೇ 40ರ ವೇಗದಲ್ಲಿ ಎಕ್ಸಲೇಟರ್ ಒತ್ತಲಾಗಿದೆ. ಬಿಸಿ ಗಾಳಿ, ಪೂರ್ತಿ ಹೊರೆ, ಕಡಿಮೆ ಸುತ್ತು ಮೂರೂ ಒಟ್ಟಿಗೆ ಸೇರುವ ಈ ಗಳಿಗೆಯೇ ಟೈಮಿಂಗಿಗೆ ನಿಜವಾದ ಪರೀಕ್ಷೆ. ಜನವರಿಯ ಬೆಳಗ್ಗೆ ಒಬ್ಬರೇ ಕೂತು ಓಡಿಸಿ ಹೊಂದಿಸಿದ ಟೈಮಿಂಗ್ ಮೇ ತಿಂಗಳಲ್ಲಿ ಪಿಸ್ಟನ್ ತಿನ್ನಬಹುದು. ಅದಕ್ಕೆ ಅಂಜಿ ವರ್ಷಪೂರ್ತಿ ಐದಾರು ಡಿಗ್ರಿ ಹಿಂದಿಟ್ಟರೂ ಕೇಡೇ: ಉರಿ ತಡವಾಗಿ ಶಾಖವೆಲ್ಲ ಸೈಲೆನ್ಸರಿನತ್ತ ಹೋಗುತ್ತದೆ, ರೇಡಿಯೇಟರ್ ಕಾಯುತ್ತದೆ, ಮೈಲೇಜ್ ಇಳಿಯುತ್ತದೆ.

ಟ್ಯೂನಿಂಗಿಗೆ ಮೊದಲು

ಎಂಜಿನ್ ಆರೋಗ್ಯವಾಗಿಲ್ಲದಿದ್ದರೆ ಟ್ಯೂನಿಂಗಿನ ಮಾತೇ ಇಲ್ಲ. ಸಿಲಿಂಡರುಗಳ ಕಂಪ್ರೆಷನ್ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರವಿರಬಾರದು. ಟ್ಯಾಪೆಟ್ ಸಂದಿ, ಪ್ಲಗ್ ಸಂದಿ, ಪಾಯಿಂಟ್ ಇರುವ ಕಾರಾದರೆ ಸುಮಾರು 0.4 ಮಿ.ಮೀ. ಪಾಯಿಂಟ್ ಸಂದಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಸೋರಿಕೆ ಇವನ್ನು ಮೊದಲೇ ನೋಡಬೇಕು. ಟೈರಿನ ಗಾಳಿ ಕಡಿಮೆಯಿದ್ದರೆ ಅಥವಾ ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ನಿನ ತಪ್ಪಿಲ್ಲದೆಯೇ ಕಾರು ಎಳೆಯುವುದಿಲ್ಲ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸುತ್ತು ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಇದನ್ನು ಪಿಕಪ್ ಕೊರತೆ ಎಂದು ಭ್ರಮಿಸಿ ಕಾರ್ಬುರೇಟರ್ ಬಿಚ್ಚುವುದು ಸಾಮಾನ್ಯ ತಪ್ಪು. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದು ಪೈಪಿನೊಳಗೆ ಆವಿ ಕಟ್ಟಿಕೊಂಡರೂ ಲಕ್ಷಣ ತೆಳು ಮಿಶ್ರಣದಂತೆಯೇ ಕಾಣುತ್ತದೆ. ಅಂಬಾಸಡರ್ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಈ ಕಾರಣಕ್ಕೇ.

ಡೈನೊ

ಎಂಜಿನ್ನಿಗೆ ನಿಂತಲ್ಲೇ ಹೊರೆ ಹಾಕಿ ಅಳೆಯುವ ಸಾಧನ ಡೈನಮೋಮೀಟರ್. 1821ರಲ್ಲಿ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೊನಿ ಮಾಡಿದ ಬ್ರೇಕು, 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ರೂಪಿಸಿದ ನೀರಿನ ಬ್ರೇಕು ಇದರ ಹಿರಿಯರು. ಕಾರನ್ನೇ ರೋಲರುಗಳ ಮೇಲೇರಿಸಿ ಚಕ್ರದ ಬಳಿ ಅಳೆಯುವುದು ಚಾಸಿ ಡೈನೊ. ಇದರಲ್ಲಿ ಎರಡು ಬಗೆ. ಜಡತ್ವದ ಡೈನೊದಲ್ಲಿ ಭಾರವಾದ ರೋಲರನ್ನು ಕಾರು ಎಷ್ಟು ಬೇಗ ತಿರುಗಿಸುತ್ತದೆ ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕಲಾಗುತ್ತದೆ. ಓಟ ಕೆಲವೇ ಸೆಕೆಂಡುಗಳದು. ದೀರ್ಘವಾದ ಏರಿನಲ್ಲಿ ಎಂಜಿನ್ ಕಾಯುವಂತೆ ಇಲ್ಲಿ ಕಾಯುವುದಿಲ್ಲ. ವಿದ್ಯುತ್ ಸುಳಿಯ ಬ್ರೇಕ್ ಇರುವ ಡೈನೊ ಕಾರನ್ನು ಬೇಕಾದ ವೇಗದಲ್ಲಿ, ಬೇಕಾದ ಹೊರೆಯಲ್ಲಿ ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಿಸಬಲ್ಲದು. ಎಂಜಿನ್ನಿನ ನಕ್ಷೆಯನ್ನು ಬಿಂದು ಬಿಂದುವಾಗಿ ತಿದ್ದಲು ಇದೇ ಯೋಗ್ಯ.

ಡೈನೊವನ್ನು ರಸ್ತೆಗೆ ಹೋಲುವಂತೆ ಮಾಡಲು ಮೊದಲು ರಸ್ತೆಯಲ್ಲೇ ಅಳತೆ ತೆಗೆಯಬೇಕು. ಕಾರನ್ನು ವೇಗಕ್ಕೆ ತಂದು ನ್ಯೂಟ್ರಲ್‌ಗೆ ಹಾಕಿ, ಅದು ತಾನಾಗಿ ನಿಧಾನವಾಗುವ ಸಮಯ ಗುರುತಿಸಿದರೆ ಆ ಕಾರಿನ ಒಟ್ಟು ತಡೆ ಎಷ್ಟೆಂದು ಸಿಗುತ್ತದೆ. ಆ ಅಂಕಿಗಳನ್ನು ಡೈನೊಗೆ ಕೊಡಲಾಗುತ್ತದೆ. 1966ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ವಾಹನ ಸಂಶೋಧನಾ ಸಂಸ್ಥೆ ಎ.ಆರ್.ಎ.ಐ. ಮೈಲೇಜ್ ಪ್ರಮಾಣಪತ್ರ ಕೊಡುವುದೂ ಹೀಗೆ ಹೊಂದಿಸಿದ ರೋಲರುಗಳ ಮೇಲೆ, ನಿಗದಿಪಡಿಸಿದ ಚಾಲನಾ ಚಕ್ರದಲ್ಲಿ ಓಡಿಸಿಯೇ. ಬಹುಕಾಲ ಬಳಕೆಯಲ್ಲಿದ್ದ ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ 1180 ಸೆಕೆಂಡುಗಳದು, ಅದರ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಅದರಲ್ಲಿ ದಿಬ್ಬವಿಲ್ಲ, ಎದುರುಗಾಳಿಯಿಲ್ಲ, ಎ.ಸಿ.ಯ ಹೊರೆಯೂ ಇಲ್ಲ. ಜಾಹೀರಾತಿನ ಮೈಲೇಜ್ ಶಹಾಪುರದ ದಾರಿಯಲ್ಲಿ ಸಿಗದಿರುವುದಕ್ಕೆ ಕಾರಣ ಅಲ್ಲೇ ಇದೆ.

ಡೈನೊದ ಅಂಕಿಗಳನ್ನು 25 ಡಿಗ್ರಿ, 99 ಕಿಲೋಪಾಸ್ಕಲ್‌ನಂಥ ಪ್ರಮಾಣ ಹವೆಗೆ ತಿದ್ದಿ ಬರೆಯುವ ಪದ್ಧತಿಯಿದೆ. ಎರಡು ಕಾರುಗಳನ್ನು ಹೋಲಿಸಲು ಅದು ಅಗತ್ಯ. ಆದರೆ ತಿದ್ದುಪಡಿ ಕಾಗದದ ಮೇಲಿನದು. 45 ಡಿಗ್ರಿಯಲ್ಲಿ ನಾಕಿಂಗ್ ಆಗುವ ಎಂಜಿನ್ ತಿದ್ದಿದ ಅಂಕಿಯಿಂದ ಶಾಂತವಾಗುವುದಿಲ್ಲ. ರೋಲರಿನ ಮುಂದಿನ ಫ್ಯಾನು ರಸ್ತೆಯ ಗಾಳಿಯಷ್ಟು ರೇಡಿಯೇಟರನ್ನು ತಣಿಸದು ಎಂಬುದೂ ನೆನಪಿನಲ್ಲಿರಬೇಕು. ಡೈನೊದಲ್ಲಿ ಕಂಡುಕೊಂಡದ್ದನ್ನು ರಸ್ತೆಯಲ್ಲಿ ಮತ್ತೆ ನೋಡುವುದು ಅದಕ್ಕೇ ಕಡ್ಡಾಯ.

ರಸ್ತೆಯಲ್ಲಿ ಟ್ಯೂನಿಂಗ್

ಜಿಲ್ಲಾ ಪಟ್ಟಣದ ಗ್ಯಾರೇಜಿಗೆ ರಸ್ತೆಯೇ ಪರೀಕ್ಷಾಪೀಠ. ಅದನ್ನು ಶಿಸ್ತಿನಿಂದ ಬಳಸಿದರೆ ಸಿಗುವ ಫಲಿತಾಂಶ ಚಿಕ್ಕದಲ್ಲ. ಮೊದಲ ನಿಯಮ ಸುರಕ್ಷತೆ: ಊರು, ಶಾಲೆ, ದನಕರು ಓಡಾಡುವ ಜಾಗ ಬಿಟ್ಟು, ದೂರದವರೆಗೂ ಕಾಣುವ ನೇರ ರಸ್ತೆ ಆರಿಸಿಕೊಳ್ಳಬೇಕು. ಓಡಿಸುವವರು ರಸ್ತೆಯನ್ನಷ್ಟೇ ನೋಡಬೇಕು. ಮೀಟರ್ ನೋಡಿ ಬರೆದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಸುಮಾರು ಇಪ್ಪತ್ತು ನಿಮಿಷ ಓಡಿಸಿ ನೀರು, ಆಯಿಲ್, ಗೇರ್‌ಬಾಕ್ಸ್ ಎಲ್ಲವೂ ಕಾದ ಮೇಲೆಯೇ ಅಳತೆ ಶುರು. ಕಾರಿನಲ್ಲಿ ದಿನನಿತ್ಯ ಹೊರುವಷ್ಟು ತೂಕ ಇರಬೇಕು. ಜನರ ಬದಲು ಮರಳಿನ ಚೀಲ ಇಟ್ಟರೂ ನಡೆಯುತ್ತದೆ.

ಮೂರನೇ ಗೇರು ಈ ಕೆಲಸಕ್ಕೆ ತಕ್ಕದ್ದು. ಒಂದು, ಎರಡನೇ ಗೇರಿನಲ್ಲಿ ಹೊರೆ ಕ್ಷಣಮಾತ್ರ ಇರುತ್ತದೆ. ಮೇಲಿನ ಗೇರುಗಳಲ್ಲಿ ಸುತ್ತು ಏರುವಷ್ಟರಲ್ಲಿ ವೇಗದ ಮಿತಿ ಮೀರುತ್ತದೆ. ಮಾರುತಿ 800ರಂಥ ಚಿಕ್ಕ ಕಾರಿನಲ್ಲಿ ಮೂರನೇ ಗೇರಿನ 2000ದಿಂದ 4000 ಸುತ್ತು ಎಂದರೆ ಸರಿಸುಮಾರು 35ರಿಂದ 70 ಕಿ.ಮೀ. ವೇಗ. 2000 ಸುತ್ತಿನಲ್ಲಿ ಸ್ಥಿರವಾಗಿ ಸಾಗಿ, ಥ್ರಾಟಲ್ ಪೂರ್ತಿ ಒತ್ತಿ 4000 ಮುಟ್ಟುವವರೆಗಿನ ಸಮಯ ಅಳೆಯಬೇಕು. ಅದೇ ರಸ್ತೆಯಲ್ಲಿ ಎದುರು ದಿಕ್ಕಿನಿಂದಲೂ ಓಡಿಸಿ ಸರಾಸರಿ ತೆಗೆದರೆ ಗಾಳಿಯ ಮತ್ತು ಕಣ್ಣಿಗೆ ಕಾಣದ ಇಳಿಜಾರಿನ ಪ್ರಭಾವ ಬಹುಪಾಲು ಕಳೆಯುತ್ತದೆ. ಬಯಲಿನ ರಸ್ತೆ ಸಮತಟ್ಟಾಗಿ ಕಂಡರೂ ಶೇ. 1ರ ಇಳಿಜಾರು ಮೊದಲು ಲೆಕ್ಕ ಹಾಕಿದ 1350 ಕಿ.ಗ್ರಾಂ. ಕಾರಿಗೆ 130 ನ್ಯೂಟನ್ ಕೊಡುತ್ತದೆ, ಅಂದರೆ 60ರ ವೇಗದ ಗಾಳಿತಡೆಗಿಂತ ಹೆಚ್ಚು. ವೇಗಕ್ಕೆ ಕಾರಿನ ಮೀಟರಿಗಿಂತ ಜಿ.ಪಿ.ಎಸ್. ನಂಬಬಹುದು, ಅದರಲ್ಲೂ ಟೈರಿನ ಅಳತೆ ಬದಲಿಸಿದ ಕಾರುಗಳಲ್ಲಿ.

ಮಿಶ್ರಣ ನೋಡಲು ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕ ಕೂರಿಸಿ, ಅದರ ಅಂಕಿಯನ್ನು ಎಂಜಿನ್ ಸುತ್ತಿನೊಂದಿಗೆ ದಾಖಲಿಸುವುದು ಈಗಿನ ಕ್ರಮ. ಪೂರ್ತಿ ಥ್ರಾಟಲ್ ಓಟದ ಉದ್ದಕ್ಕೂ 12.5ರಿಂದ 13ರ ನಡುವೆ ನಿಂತರೆ ಸರಿ; 4000ದ ಹತ್ತಿರ 14 ದಾಟುತ್ತಿದ್ದರೆ ಜೆಟ್ ಚಿಕ್ಕದಾಗಿದೆ, ಇಲ್ಲವೇ ಪೆಟ್ರೋಲ್ ಪಂಪು ಸಾಲುತ್ತಿಲ್ಲ. ಇಂಥ ಉಪಕರಣವಿಲ್ಲದ ದಿನಗಳಲ್ಲಿ ಪ್ಲಗ್ಗೇ ಸಾಕ್ಷಿ. ಹೊಸ ಪ್ಲಗ್ ಹಾಕಿ, ಏರಿನಲ್ಲಿ ಸ್ಥಿರವಾದ ಹೊರೆಯಲ್ಲಿ ಓಡಿಸಿ, ಕ್ಲಚ್ ಒತ್ತುತ್ತಲೇ ಇಗ್ನಿಷನ್ ಆರಿಸಿ, ಕಾರನ್ನು ಬದಿಗೆ ಉರುಳಿಸಿ ಪ್ಲಗ್ ಬಿಚ್ಚಿ ನೋಡುವುದು. ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಬಿಚ್ಚಿದರೆ ಬಣ್ಣ ಐಡ್ಲಿಂಗಿನದೇ ಆಗಿಬಿಡುತ್ತದೆ. ಪಿಂಗಾಣಿಯ ಬುಡದಲ್ಲಿ ತಿಳಿಕಂದು ಉಂಗುರವಿದ್ದರೆ ಮಿಶ್ರಣ ಹದವಾಗಿದೆ. ಮಸಿ ಕಂಡರೆ ದಟ್ಟ. ಬೆಳ್ಳಗೆ ಸುಟ್ಟು ಅಲ್ಲಲ್ಲಿ ಸಣ್ಣ ಲೋಹದ ಚುಕ್ಕೆಗಳಿದ್ದರೆ ನಾಕಿಂಗಿನಿಂದ ಪಿಸ್ಟನ್ನಿನ ಅಲ್ಯೂಮಿನಿಯಂ ಕಿತ್ತುಬರುತ್ತಿದೆ. ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ ಬಣ್ಣ ಮೊದಲಿನಷ್ಟು ಗಾಢವಾಗಿ ಕಾಣುವುದಿಲ್ಲ. ಈ ಪರೀಕ್ಷೆಯಲ್ಲಿ ಕೀಲಿಯನ್ನು ಸ್ಟೀರಿಂಗ್ ಲಾಕ್ ಆಗುವವರೆಗೆ ತಿರುಗಿಸಬಾರದು; ಎಂಜಿನ್ ಆರಿದ ಮೇಲೆ ಪವರ್ ಬ್ರೇಕ್ ಗಟ್ಟಿಯಾಗುವುದೂ ಗಮನದಲ್ಲಿರಬೇಕು.

ಟೈಮಿಂಗನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ಒಯ್ಯುತ್ತ ಓಟದ ಸಮಯ ನೋಡಬೇಕು. ಸಮಯ ಕಡಿಮೆಯಾಗುವುದು ನಿಂತ ಕಡೆ ನಿಲ್ಲಿಸಬೇಕು. ಅದಕ್ಕೂ ಮೊದಲೇ ನಾಕಿಂಗ್ ಕೇಳಿದರೆ ಎರಡು ಮೂರು ಡಿಗ್ರಿ ಹಿಂದಕ್ಕೆ ತರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಪ್ರತಿ ಬದಲಾವಣೆಗೂ ಎರಡೂ ದಿಕ್ಕಿನಲ್ಲಿ ಮೂರು ಬಾರಿಯಾದರೂ ಓಡಿಸುವುದು, ಹೊತ್ತು, ಉಷ್ಣತೆ, ಹೊರೆ, ಪೆಟ್ರೋಲ್ ತುಂಬಿಸಿದ ಬಂಕ್ ಎಲ್ಲವನ್ನೂ ಬರೆದಿಡುವುದು: ಈ ಬರಹವಿಲ್ಲದೆ ರಸ್ತೆಯ ಪರೀಕ್ಷೆ ಬರೀ ಅನಿಸಿಕೆಯಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಬಾಟಲಿಯಲ್ಲಿ ಕಟ್ಟಿ, ಅದು ಮುಗಿಯುವವರೆಗೆ ಓಡಿಸಿ ಮೈಲೇಜ್ ನೋಡುವ ಹಳೆಯ ಪದ್ಧತಿ ದಾರಿ ಒಂದೇ ಇದ್ದು ಹೊರೆ ಒಂದೇ ಇದ್ದರೆ ಹೋಲಿಕೆಗೆ ಸಾಕಷ್ಟು ನಂಬಿಕೆಯದು, ಆದರೆ ಕಾದ ಎಂಜಿನ್ನಿನ ಬಳಿ ಬಾಟಲಿ ಇಡುವುದು ಬೆಂಕಿಗೆ ಆಹ್ವಾನ. ಟ್ಯಾಂಕಿನಿಂದ ಟ್ಯಾಂಕಿಗೆ, ಕೆಲವು ನೂರು ಕಿಲೋಮೀಟರ್ ಲೆಕ್ಕವೇ ಮೇಲು.

ಕಂಪ್ಯೂಟರ್ ನಿಯಂತ್ರಿತ ಎಂಜಿನ್

2000ದ ಹೊತ್ತಿಗೆ ಭಾರತದ ಕಾರುಗಳಲ್ಲಿ ಕಾರ್ಬುರೇಟರ್ ಹಿಂದೆ ಸರಿದು, ಪ್ರತಿ ಸಿಲಿಂಡರಿಗೂ ಬೇರೆಯಾಗಿ ಇಂಧನ ಚಿಮ್ಮಿಸುವ ಎಂ.ಪಿ.ಎಫ್.ಐ. ಬಂತು. ಇಲ್ಲಿ ಜೆಟ್, ಡಿಸ್ಟ್ರಿಬ್ಯೂಟರುಗಳ ಬದಲು ಎಂಜಿನ್ನಿನ ಕಂಪ್ಯೂಟರಾದ ಇ.ಸಿ.ಯು.ನ ನೆನಪಿನಲ್ಲಿರುವ ಕೋಷ್ಟಕಗಳು: ಒಂದು ಬದಿಗೆ ಎಂಜಿನ್ ಸುತ್ತು, ಇನ್ನೊಂದು ಬದಿಗೆ ಮ್ಯಾನಿಫೋಲ್ಡಿನ ಒತ್ತಡ ಅಥವಾ ಗಾಳಿಯ ತೂಕ, ಪ್ರತಿ ಮನೆಯಲ್ಲೂ ಇಷ್ಟು ಇಂಧನ, ಇಷ್ಟು ಡಿಗ್ರಿ ಕಿಡಿ. ಹೊರೆ ಎಂಬುದು ಕೋಷ್ಟಕದ ಒಂದು ಅಕ್ಷವೇ ಆಗಿರುವುದರಿಂದ, ನಿಂತ ಕಾರಿನಲ್ಲಿ ಮುಟ್ಟಲು ಸಾಧ್ಯವಾಗುವುದು ಕಡಿಮೆ ಒತ್ತಡದ ಒಂದೆರಡು ಸಾಲು ಮಾತ್ರ. ಉಳಿದ ಮನೆಗಳು ತೆರೆಯಬೇಕಾದರೆ ರಸ್ತೆ ಅಥವಾ ಬ್ರೇಕಿನ ಡೈನೊ ಬೇಕು.

ಸಾಮಾನ್ಯ ಓಟದಲ್ಲಿ ಆಮ್ಲಜನಕ ಸಂವೇದಕ 0.1ರಿಂದ 0.9 ವೋಲ್ಟಿನ ನಡುವೆ ಓಲಾಡುತ್ತ ಮಿಶ್ರಣವನ್ನು 14.7ರ ಬಳಿ ಹಿಡಿದಿಡುತ್ತದೆ. ಇ.ಸಿ.ಯು. ತಾನು ಮಾಡಿಕೊಂಡ ತಿದ್ದುಪಡಿಯನ್ನು ಶೇಕಡಾವಾರು ನೆನಪಿಟ್ಟುಕೊಳ್ಳುತ್ತದೆ. ಇ.ಸಿ.ಯು.ಗೆ ಜೋಡಿಸಿ ಓದುವ ಓ.ಬಿ.ಡಿ. ಸ್ಕ್ಯಾನರಿನಲ್ಲಿ ಕಾಣುವ ಈ ‘ಫ್ಯೂಯಲ್ ಟ್ರಿಮ್’ ಅಂಕಿ ಈಗಿನ ಮೆಕ್ಯಾನಿಕ್‌ನ ಮುಖ್ಯ ಸಾಕ್ಷ್ಯ. ಐಡ್ಲಿಂಗಿನಲ್ಲಿ ಮಾತ್ರ +15 ಇದ್ದು ಓಟದಲ್ಲಿ ಸೊನ್ನೆಗೆ ಬಂದರೆ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರಿಕೆ. ಐಡ್ಲಿಂಗ್ ಸರಿಯಿದ್ದು ಹೊರೆಯಲ್ಲಿ ಏರಿದರೆ ಪಂಪು ಅಥವಾ ಇಂಜೆಕ್ಟರ್ ಸೋತಿದೆ. ಎರಡನ್ನು ಬೇರ್ಪಡಿಸಲು ಸ್ಕ್ಯಾನರ್ ಹಾಕಿಕೊಂಡೇ ಓಡಿಸಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಹೆಚ್ಚಿನ ಕಾರುಗಳು ಸಂವೇದಕದ ಮಾತು ಬಿಟ್ಟು ಕೋಷ್ಟಕವನ್ನೇ ನಂಬುವುದರಿಂದ ಅಲ್ಲಿನ ತಪ್ಪನ್ನು ಇ.ಸಿ.ಯು. ತಾನಾಗಿ ಕಂಡುಹಿಡಿಯದು. ನಾಕ್ ಸಂವೇದಕ ಕಿಡಿಯನ್ನು ಹಿಂದೆಳೆದು ಎಂಜಿನ್ನನ್ನು ಕಾಪಾಡುತ್ತದೆ. ಬೇಸಿಗೆಯ ಏರಿನಲ್ಲಿ ಅದು ಎಷ್ಟು ಡಿಗ್ರಿ ಹಿಂದೆಳೆಯುತ್ತಿದೆ ಎಂದು ನೋಡಿದರೆ ಪೆಟ್ರೋಲಿನ ಗುಣವೂ ತಿಳಿಯುತ್ತದೆ. ಕೋಷ್ಟಕಗಳನ್ನು ಬದಲಿಸುವ ಒಂದೇ ರೀಮ್ಯಾಪ್ ಕಡತವನ್ನು ಊರಿಂದೂರಿಗೆ ಕಾರಿಗೆ ತುಂಬಿ ಕಳಿಸುವ ವ್ಯಾಪಾರ ಟ್ಯೂನಿಂಗ್ ಅಲ್ಲ. ಆ ಕಡತ ಯಾವ ಕಾರಿನಲ್ಲಿ, ಯಾವ ಹವೆಯಲ್ಲಿ, ಯಾವ ಪೆಟ್ರೋಲಿನಲ್ಲಿ ಸಿದ್ಧವಾಯಿತೋ ಅವಕ್ಕೆ ಮಾತ್ರ ಅದು ಸರಿ.

ಡೀಸೆಲ್, ಗ್ಯಾಸ್, ಎಥನಾಲ್

ಕೂಲಿಕಾರರನ್ನೂ ಮದುವೆ ದಿಬ್ಬಣವನ್ನೂ ಹೊತ್ತೊಯ್ಯುವ ಕ್ರೂಸರ್, ಟ್ರ್ಯಾಕ್ಸ್, ಬೊಲೆರೊಗಳ ಡೀಸೆಲ್ ಎಂಜಿನ್ನಿನಲ್ಲಿ ಥ್ರಾಟಲ್ ಮೂಲಕ ಗಾಳಿಗೆ ಕಡಿವಾಣವಿಲ್ಲ. ಇಂಧನದ ಪ್ರಮಾಣವೇ ಹೊರೆ. ಹಳೆಯ ಎಂಜಿನ್ನುಗಳಲ್ಲಿ ಆ ಪ್ರಮಾಣ ನಿರ್ಧರಿಸುತ್ತಿದ್ದುದು ಇಂಜೆಕ್ಷನ್ ಪಂಪು. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೊ, 2008ರಿಂದ ಬಾಷ್ ಲಿಮಿಟೆಡ್, ದೇಶದ ತುಂಬ ಈ ಪಂಪು, ನಾಜಲ್, ಪ್ಲಗ್ ಒದಗಿಸಿತು. ಪಂಪನ್ನು ಬಿಚ್ಚಿ ಪರೀಕ್ಷಾ ಬೆಂಚಿನ ಮೇಲೆ ಪ್ರತಿ ಸಿಲಿಂಡರಿಗೂ ಸಮನಾಗಿ ಡೀಸೆಲ್ ಬೀಳುವಂತೆ ಹೊಂದಿಸುವುದು ಟ್ಯೂನಿಂಗಿನ ಒಂದು ಅರ್ಧ; ಹೊರೆಯಲ್ಲಿ ಹೊಗೆ ನೋಡುವುದು ಇನ್ನೊಂದು ಅರ್ಧ. ಪಿಕಪ್ ಬೇಕೆಂದು ಡೀಸೆಲ್ ಹೆಚ್ಚಿಸಿದರೆ ಖಾಲಿ ಗಾಡಿಯಲ್ಲಿ ಏನೂ ಕಾಣದು, ತುಂಬಿದ ಗಾಡಿ ದಿಬ್ಬ ಏರುವಾಗ ಕಪ್ಪು ಹೊಗೆ ಏಳುತ್ತದೆ. ಆ ಹೊಗೆ ಉರಿಯದೆ ಹೋದ ಡೀಸೆಲ್.

ಸಿ.ಎನ್.ಜಿ.ಗೆ ಬೇಕಾದ ಗಾಳಿ 17ರಷ್ಟು ಪಾಲು. ಅನಿಲವೇ ಸಿಲಿಂಡರಿನ ಜಾಗ ಆಕ್ರಮಿಸುವುದರಿಂದ ಶಕ್ತಿ ಸುಮಾರು ಶೇ. 10 ಇಳಿಯುತ್ತದೆ, ಉರಿ ನಿಧಾನವಾದ್ದರಿಂದ ಕಿಡಿ ಇನ್ನೂ ಮುಂಚೆ ಬೇಕು. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವುದು ವಿರುದ್ಧ ದಿಕ್ಕಿನ ಬದಲಾವಣೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಚಾಲನೆ ಪಡೆದ ಇ20ರಲ್ಲಿ ಶೇ. 20 ಎಥನಾಲ್, ಅದು ಪೂರ್ತಿ ಉರಿಯಲು ಸುಮಾರು 13.5 ಪಾಲು ಗಾಳಿ ಸಾಕು. ಇ.ಸಿ.ಯು. ಇದನ್ನು ತಾನೇ ಸರಿದೂಗಿಸಿಕೊಳ್ಳಬಹುದು. ಜೆಟ್ ಬದಲಿಸದ ಕಾರ್ಬುರೇಟರ್ ಕಾರಿನಲ್ಲಿ ಮಾತ್ರ ಮಿಶ್ರಣ ಶೇ. 7–8ರಷ್ಟು ತೆಳುವಾಗುತ್ತದೆ. ಹಳೆಯ ಕಾಲದಲ್ಲಿ ಚಿಕ್ಕ ಜೆಟ್ ಹಾಕಿಸಿಕೊಂಡು ಇನ್ನೂ ಓಡುತ್ತಿರುವ ಕಾರುಗಳಿಗೆ ಇದು ನೇರವಾದ ಅಪಾಯ; ಅವನ್ನು ಹೊರೆಯಲ್ಲಿ ಮತ್ತೊಮ್ಮೆ ಅಳೆದು ಜೆಟ್ ದೊಡ್ಡದು ಮಾಡಬೇಕು.

ಹೊಗೆ ತಪಾಸಣೆ ಮತ್ತು ಕಾನೂನು

ಯಾದಗಿರಿಯ ಕೆಎ–33 ಫಲಕದ ಕಾರಿಗೂ ಉಳಿದ ಕಾರುಗಳಂತೆ ಮಾಲಿನ್ಯ ತಪಾಸಣಾ ಪತ್ರ ಕಡ್ಡಾಯ. ಪೆಟ್ರೋಲ್ ಕಾರಿನ ತಪಾಸಣೆ ನಡೆಯುವುದು ಐಡ್ಲಿಂಗಿನಲ್ಲಿ, ಹೊಸ ಕಾರುಗಳಿಗೆ 2500 ಸುತ್ತಿನ ವೇಗದಲ್ಲೂ. ಎರಡೂ ಹೊರೆಯಿಲ್ಲದ ಸ್ಥಿತಿಗಳು. ಬಿ.ಎಸ್. 4 ಹೊಗೆ ಮಾನದಂಡದ ಕಾರಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇ. 0.3. ಡೀಸೆಲ್ ಗಾಡಿಗೆ ಎಕ್ಸಲೇಟರ್ ಒಮ್ಮೆಲೇ ಒತ್ತಿ ಹೊಗೆ ಅಳೆಯುತ್ತಾರೆ. ಎಂಜಿನ್ನಿನ ತಿರುಗುವ ಭಾಗಗಳ ಜಡತ್ವವೇ ಅಲ್ಲಿ ಕ್ಷಣಕಾಲದ ಹೊರೆ. ಈ ತಪಾಸಣೆ ಕೆಟ್ಟುಹೋದ ಎಂಜಿನ್ನನ್ನು ಗುರುತಿಸಬಲ್ಲದು, ಟ್ಯೂನಿಂಗ್ ಸರಿಯಿದೆ ಎಂದು ಸಾಬೀತುಪಡಿಸಲಾರದು.

ಪ್ರಯೋಗಾಲಯಕ್ಕೂ ರಸ್ತೆಗೂ ಇರುವ ಅಂತರ ಜಗತ್ತಿಗೆಲ್ಲ ತಿಳಿದದ್ದು 2015ರ ಸೆಪ್ಟೆಂಬರಿನಲ್ಲಿ. ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದವರು ಡೀಸೆಲ್ ಕಾರುಗಳಿಗೆ ಅಳತೆಯ ಉಪಕರಣ ಕಟ್ಟಿ ರಸ್ತೆಯಲ್ಲಿ ಓಡಿಸಿದಾಗ, ರೋಲರಿನ ಮೇಲೆ ಶುದ್ಧವಾಗಿದ್ದ ಫೋಕ್ಸ್‌ವ್ಯಾಗನ್ ಕಾರುಗಳು ರಸ್ತೆಯಲ್ಲಿ ಮಿತಿಯ ಹಲವು ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳುವುದು ಕಂಡುಬಂದಿತ್ತು. ಭಾರತದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆಸಿತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6ರ ಎರಡನೇ ಹಂತದಲ್ಲಿ, 2023ರ ಏಪ್ರಿಲ್ 1ರಿಂದ, ಹೊಸ ಮಾದರಿಗಳ ಹೊಗೆಯನ್ನು ನಿಜವಾದ ರಸ್ತೆಯಲ್ಲಿ, ನಗರ, ಹಳ್ಳಿ, ಹೆದ್ದಾರಿಗಳಲ್ಲಿ ಓಡಿಸಿ ಅಳೆದು ಮಿತಿಯೊಳಗಿರುವುದು ಕಡ್ಡಾಯವಾಯಿತು.

ಕಾರ್ಖಾನೆಯ ಮಿತಿಯೊಳಗೆ ಟೈಮಿಂಗ್, ಮಿಶ್ರಣ ಸರಿಪಡಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಎಂಜಿನ್ ಬದಲಿಸುವುದು, ಗ್ಯಾಸ್ ಕಿಟ್ ಅಳವಡಿಸುವುದು ಮುಂತಾಗಿ ನೋಂದಣಿ ಪತ್ರದ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಅಂಗೀಕೃತ ಕಿಟ್ಟನ್ನೇ ಹಾಕಿಸಿ, ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರ ತಿದ್ದಿಸಿಕೊಳ್ಳಬೇಕು.